ನಮ್ಮ ಪೈಸೆ ಪೈಸೆಯ ಲೆಕ್ಕ ನಿಮ್ಮಲ್ಲಿದೆ, ನಿಮ್ಮ ಹೊಗೆಯ ಲೆಕ್ಕ ನಮಗೆ ಕೊಡಿ!

ತುಬಚಿ, ಮುತ್ತೂರ, ಶೂರ್ಪಾಲಿ, ಕಂಕಣವಾಡಿಯ ಹೊಳೆದಂಡೆಯ ಬಂಧುಗಳೇ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಿರಾಣಿ ಅಂಗಡಿಕಾರರೇ, ಚಹಾ ಹೋಟೆಲಿನವರೇ, ಕಾಯಿಪಲ್ಲೆ ಮಾರುವ ಅಕ್ಕ-ತಂಗಿಯರೇ, ನೇಕಾರರೇ, ಕಬ್ಬು ಬೆಳೆಗಾರರೇ,

ನಿಮ್ಮ ಗಲ್ಲೆಯ ಪಕ್ಕದಲ್ಲಿ ಒಂದು ಸೌಂಡ್ ಬಾಕ್ಸ್ ಕೂತಿದೆ. ಗಿರಾಕಿ ಸ್ಕ್ಯಾನ್ ಮಾಡಿದ ಕೂಡಲೇ ಇಷ್ಟು ರೂಪಾಯಿ ಬಂತು ಎಂದು ಕೂಗುತ್ತದೆ. ಅದಕ್ಕೆ ತಿಂಗಳ ಬಾಡಿಗೆ ಕೊಡುವವರು ನೀವು, ಕರೆಂಟ್ ಕೊಡುವವರೂ ನೀವು. ಆ ಪೆಟ್ಟಿಗೆಯ ಹಿಂದೆ ಬೆಂಗಳೂರು, ಮುಂಬೈ, ನೋಯ್ಡಾಗಳ ದೊಡ್ಡ ದೊಡ್ಡ ಪಾವತಿ ಕಂಪನಿಗಳಿವೆ. ಅವುಗಳ ಕಂಪ್ಯೂಟರ್ ಮನೆಗಳು, ಅಂದರೆ ಡೇಟಾ ಸೆಂಟರುಗಳು, ಹಗಲು-ರಾತ್ರಿ ಉರಿಸುವ ಕರೆಂಟಿಗೆ ಹೊಗೆ ಇದೆ. ಹೊಗೆ ಎಂದರೆ ಇಲ್ಲಿ ಭೂಮಿಯನ್ನು ಕಾಯಿಸುವ ಇಂಗಾಲದ ಡೈಆಕ್ಸೈಡ್. ನಿಮ್ಮ ಅಂಗಡಿಯ ಪೆಟ್ಟಿಗೆಗೂ ಹೊಗೆ ಇದೆ. ಈ ಎರಡರ ಲೆಕ್ಕವನ್ನೂ ಪ್ರತಿ ವರ್ಷ ಕನ್ನಡದಲ್ಲಿ, ನಮಗೆ ಅರ್ಥವಾಗುವಂತೆ ಬರೆದುಕೊಡಿ ಎಂದು ಆ ಕಂಪನಿಗಳನ್ನು ಕೇಳಲು ಹೊರಟಿದ್ದೇವೆ. ಅದಕ್ಕೆ ನಿಮ್ಮ ಸಹಿ ಬೇಕು.

ಇಷ್ಟು ಸಣ್ಣ ಪೆಟ್ಟಿಗೆಗೆ ಇಷ್ಟು ದೊಡ್ಡ ಗದ್ದಲ ಏಕೆ ಎಂದು ಕೇಳುವವರಿದ್ದಾರೆ. ಕೇಳಲಿ. ಉತ್ತರ ಕೊಡಲೆಂದೇ ಈ ಕರಪತ್ರ.

2019ರ ಆಗಸ್ಟ್ ತಿಂಗಳನ್ನು ಈ ಸೀಮೆಯಲ್ಲಿ ಯಾರೂ ಮರೆತಿಲ್ಲ. ಮಹಾಬಳೇಶ್ವರ, ಕೊಯ್ನಾದ ಕಡೆ ಸುರಿದ ಮಳೆ ಕೃಷ್ಣೆಗೆ ಬಂತು. ಆಲಮಟ್ಟಿಗೆ 5 ಲಕ್ಷ ಕ್ಯುಸೆಕ್ ಮೀರಿದ ನೀರು ನುಗ್ಗಿತು. ಅತ್ತ ಘಟಪ್ರಭೆ ಮುಧೋಳ ತಾಲ್ಲೂಕಿನ ಊರುಗಳನ್ನು ಹೊಕ್ಕಳು. ಆಳೆತ್ತರ ಬೆಳೆದ ಕಬ್ಬು ದಿನಗಟ್ಟಲೆ ನೀರಲ್ಲಿ ನಿಂತು ಸುಳಿಯಿಂದ ಕೊಳೆತು ಬಂತು. ನೀರು ಇಳಿದ ಮೇಲೆ ಅಂಗಡಿಗಳ ಕದ ತೆಗೆದರೆ ಸಕ್ಕರೆ ಚೀಲ ಬರೇ ಚೀಲವಾಗಿತ್ತು, ಅಕ್ಕಿ ಕೊಳೆತು ನಾರುತ್ತಿತ್ತು, ಉದ್ರಿ ಬರೆದಿಟ್ಟ ವಹಿಯ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಾಗಿದ್ದವು. ಯಾರು ಎಷ್ಟು ಕೊಡಬೇಕು ಎಂಬುದೇ ಹೊಳೆ ಪಾಲಾಯಿತು. ಅದಾದ ನಾಲ್ಕೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಒಂದು ವರ್ಷ ಮುಳುಗುವುದು, ಇನ್ನೊಂದು ವರ್ಷ ಒಣಗುವುದು. ನಡುವೆ ಬ್ಯಾಂಕಿನ ಕಂತು ಮಾತ್ರ ತಪ್ಪುವುದಿಲ್ಲ.

ಆ ಮಹಾಪೂರಕ್ಕೆ ಹೊಗೆಯೊಂದೇ ಕಾರಣ ಎಂದು ನಾವು ಹೇಳುವುದಿಲ್ಲ. ಅಣೆಕಟ್ಟಿನ ಗೇಟು ಯಾವಾಗ ತೆಗೆದರು, ಹೊಳೆಯ ಪಾತ್ರ ಎಲ್ಲೆಲ್ಲಿ ಒತ್ತುವರಿಯಾಗಿದೆ, ಈ ಜಗಳಗಳೂ ನಿಜವೇ. ಆದರೆ ಗಾಳಿ ಒಂದು ಡಿಗ್ರಿ ಕಾದರೆ ಸುಮಾರು ನೂರಕ್ಕೆ ಏಳು ಪಾಲು ಹೆಚ್ಚು ತೇವ ಹಿಡಿದಿಟ್ಟುಕೊಳ್ಳುತ್ತದೆ, ಬೀಳುವಾಗ ಒಮ್ಮೆಲೇ ಬೀಳುತ್ತದೆ ಎಂಬುದು ವಿಜ್ಞಾನಿಗಳು ಒಪ್ಪಿದ ಮಾತು. 2024 ದಾಖಲೆಯಲ್ಲೇ ಅತಿ ಬಿಸಿಯ ವರ್ಷ. ಕಾರ್ಖಾನೆಗಳ ಕಾಲಕ್ಕಿಂತ ಹಿಂದಿದ್ದ ಉಷ್ಣತೆಗೆ ಹೋಲಿಸಿದರೆ ಜಗತ್ತು ಆ ವರ್ಷ ಒಂದೂವರೆ ಡಿಗ್ರಿಗಿಂತ ಹೆಚ್ಚು ಕಾದಿತ್ತು. ಅದರ ಬೆಲೆ ತೆರುವವರ ಸಾಲಿನಲ್ಲಿ ಹೊಳೆದಂಡೆಯ ನಾವು ಮುಂದಿದ್ದೇವೆ. ಬೆಲೆ ತೆರುವವರಿಗೆ ಲೆಕ್ಕ ಕೇಳುವ ಹಕ್ಕಿದೆ.

ಈಗ ಹೊಗೆ ಎಲ್ಲಿಂದ ಬರುತ್ತದೆ ನೋಡೋಣ.

ಹತ್ತು ರೂಪಾಯಿಯ ಚಹಾಕ್ಕೆ ಒಬ್ಬರು ಸ್ಕ್ಯಾನ್ ಮಾಡಿದರು ಎನ್ನಿ. ಆ ಹತ್ತು ರೂಪಾಯಿಯ ಸಂದೇಶ ಹತ್ತಿರದ ಟವರಿಗೆ, ಅಲ್ಲಿಂದ ಪಾವತಿ ಕಂಪನಿಯ ಸರ್ವರಿಗೆ, ಅಲ್ಲಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮಕ್ಕೆ, ಮತ್ತೆ ನಿಮ್ಮ ಬ್ಯಾಂಕಿಗೆ, ಮತ್ತೆ ಕಂಪನಿಗೆ, ಕೊನೆಗೆ ನಿಮ್ಮ ಸೌಂಡ್ ಬಾಕ್ಸಿಗೆ ಬರುತ್ತದೆ. ಚಹಾ ಆರುವುದರೊಳಗೆ ಇಷ್ಟೆಲ್ಲ ಮುಗಿಯುತ್ತದೆ. ಒಂದು ಕಡೆ ಕೆಟ್ಟರೆ ಇರಲಿ ಎಂದು ಇನ್ನೊಂದು ಊರಿನಲ್ಲಿ ಅಷ್ಟೇ ಯಂತ್ರಗಳನ್ನು ಸಿದ್ಧವಾಗಿ ಇಟ್ಟಿರುತ್ತಾರೆ. 2016ರ ಏಪ್ರಿಲ್‌ನಲ್ಲಿ ಶುರುವಾದ ಯುಪಿಐ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿಗಿಂತ ಹೆಚ್ಚು ವಹಿವಾಟು ಮಾಡಿತು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ನಡೆದದ್ದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಫೋನ್‌ಪೇ ಮೂಲಕ. ನಮ್ಮ ರಾಜಧಾನಿಯ ಕಂಪನಿ. ಆದ್ದರಿಂದ ಮೊದಲ ಕಾಗದ ಅದಕ್ಕೇ ಹೋಗಲಿ ಎಂಬುದು ನಮ್ಮ ಅಭಿಪ್ರಾಯ. ದೊಡ್ಡವರು ಮೊದಲು ಹೆಜ್ಜೆ ಇಟ್ಟರೆ ಉಳಿದವರಿಗೆ ನೆವ ಉಳಿಯುವುದಿಲ್ಲ.

2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಆದೇಶ ಮಾಡಿತು. ಭಾರತೀಯರ ಪಾವತಿಯ ಮಾಹಿತಿಯನ್ನೆಲ್ಲ ಭಾರತದೊಳಗೇ ಇಡಬೇಕು ಎಂದು. ಒಳ್ಳೆಯ ಆದೇಶ. ಆದರೆ ಮಾಹಿತಿ ಇಲ್ಲಿದ್ದರೆ ಅದನ್ನು ಕಾಯುವ ಯಂತ್ರವೂ ಇಲ್ಲೇ, ಆ ಯಂತ್ರದ ಕರೆಂಟೂ ಇಲ್ಲಿಯದೇ. ನಮ್ಮ ದೇಶದ ಕರೆಂಟಿನ ನಾಲ್ಕು ಪಾಲಿನಲ್ಲಿ ಸುಮಾರು ಮೂರು ಪಾಲು ಕಲ್ಲಿದ್ದಲು ಸುಟ್ಟು ಬರುತ್ತದೆ. ಎಲ್ಲ ಮೂಲಗಳನ್ನೂ ಸೇರಿಸಿ ಸರಾಸರಿ ತೆಗೆದರೆ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಕಲ್ಲಿದ್ದಲು ಎಂದರೆ ಎಲ್ಲೋ ದೂರದ ಜಾರ್ಖಂಡದ ಮಾತು ಎಂದುಕೊಳ್ಳಬೇಡಿ. ಬೀಳಗಿಯವರು ಹೊಳೆ ದಾಟಿದರೆ ವಿಜಯಪುರ ಜಿಲ್ಲೆಯ ಕೂಡಗಿ. ಅಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ನಿಂತಿದೆ. ಅದು ಕುಡಿಯುವುದು ನಮ್ಮದೇ ಕೃಷ್ಣೆಯ ನೀರು, ಆಲಮಟ್ಟಿಯದು. ಭೂಮಿ, ನೀರು, ಬೂದಿಯ ಭಯದಿಂದ ಅಲ್ಲಿನ ರೈತರು ಎದ್ದುನಿಂತಾಗ, 2014ರ ಜುಲೈಯಲ್ಲಿ, ಪೊಲೀಸರು ಗುಂಡು ಹಾರಿಸಿದ್ದರು. ದೇಶದ ಕರೆಂಟಿನ ಜಾಲ ಇಂದು ಒಂದೇ. ತುಂಬಿ ಹರಿಯುವ ಹೊಳೆಯಲ್ಲಿ ಯಾವ ಹನಿ ಯಾವ ಹಳ್ಳದ್ದೆಂದು ಹೇಳಲಾಗದಂತೆ, ಮುಂಬೈಯ ಸರ್ವರಿಗೆ ಹೋದ ಯೂನಿಟ್ ಯಾವ ಸ್ಥಾವರದ್ದೆಂದು ಬೆರಳು ಮಾಡಲು ಆಗದು. ಆದರೆ ಬೇಡಿಕೆ ಹೆಚ್ಚಿದಂತೆ ಕಲ್ಲಿದ್ದಲಿನ ರೈಲುಗಳೂ ಹೆಚ್ಚಿದವು.

ಫೋನ್‌ಪೇ 2023ರಲ್ಲಿ ನವಿ ಮುಂಬೈಯಲ್ಲಿ 4.8 ಮೆಗಾವಾಟ್‌ನ ಒಂದು ಡೇಟಾ ಸೆಂಟರ್ ತೆರೆದು, ಇದು ಹಸಿರು ಡೇಟಾ ಸೆಂಟರ್ ಎಂದು ಹೇಳಿತು. ಎಸಿ ಗಾಳಿಯ ಬದಲು ದ್ರವದಿಂದ ಯಂತ್ರ ತಣಿಸುವ ವಿಧಾನ ಅಲ್ಲಿದೆ, ಅದರಿಂದ ಕರೆಂಟ್ ಉಳಿಯುತ್ತದೆ. ಇದು ಮೆಚ್ಚಬೇಕಾದ ಕೆಲಸ, ಮೆಚ್ಚುತ್ತೇವೆ. ಆದರೆ ತಣಿಸುವ ವಿಧಾನ ಬೇರೆ, ಉರಿಸುವ ಕರೆಂಟಿನ ಮೂಲ ಬೇರೆ. 4.8 ಮೆಗಾವಾಟ್ ವರ್ಷವಿಡೀ ಪೂರ್ತಿ ಓಡಿದರೆ ಸುಮಾರು 4.2 ಕೋಟಿ ಯೂನಿಟ್ ಆಗುತ್ತದೆ. ಅದು ಸಾಮಾನ್ಯ ಜಾಲದ ಕರೆಂಟಾದರೆ ಸುಮಾರು 29 ಸಾವಿರ ಟನ್ ಹೊಗೆ. ಬಿಸಿಲು-ಗಾಳಿಯ ಕರೆಂಟಾದರೆ ಅದರ ಸಣ್ಣ ಪಾಲು. ಇವೆರಡರ ನಡುವಿನ ಅಂತರವೇ ನಾವು ಕೇಳುತ್ತಿರುವ ಲೆಕ್ಕ.

ಇನ್ನು ನಿಮ್ಮ ಅಂಗಡಿಯ ಪೆಟ್ಟಿಗೆಗೆ ಬರೋಣ. ನಮ್ಮ ಮುಖ್ಯ ಮಾತು ಇರುವುದು ಇಲ್ಲೇ, ಎರಡು ಸಲ ಓದಿರಿ.

ಡೇಟಾ ಸೆಂಟರ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಸೌಂಡ್ ಬಾಕ್ಸ್ ಬಗ್ಗೆ ಯಾರೂ ಆಡುವುದಿಲ್ಲ. ನೆದರ್‌ಲ್ಯಾಂಡ್ಸ್ ದೇಶದ ಕೇಂದ್ರ ಬ್ಯಾಂಕಿನವರು ಕೆಲವು ವರ್ಷಗಳ ಹಿಂದೆ ಒಂದು ಕಾರ್ಡ್ ಪಾವತಿಯ ಹೊಗೆಯನ್ನು ಬಿಡಿಸಿ ಅಳೆದರು. 2015ರ ಲೆಕ್ಕದಂತೆ ಒಂದು ಪಾವತಿಗೆ 4 ಗ್ರಾಂಗಿಂತ ಸ್ವಲ್ಪ ಕಡಿಮೆ. ಅವರ ಅಧ್ಯಯನದಲ್ಲಿ ಕಂಡದ್ದೇನೆಂದರೆ, ಪರಿಸರಕ್ಕೆ ಆಗುವ ಹೊರೆಯಲ್ಲಿ ಸುಮಾರು ಮುಕ್ಕಾಲು ಪಾಲು ಅಂಗಡಿಯ ಕಟ್ಟೆಯ ಮೇಲಿನ ಯಂತ್ರದ್ದು. ಡೇಟಾ ಸೆಂಟರಿನದು ಹತ್ತನೇ ಒಂದು ಪಾಲಿನ ಆಸುಪಾಸು. ಸಾವಿರಾರು ಅಂಗಡಿಗಳಲ್ಲಿ ಸುಮ್ಮನೆ ಕಣ್ಣು ಮಿಟುಕಿಸುತ್ತ ಕೂತ ಸಣ್ಣ ಯಂತ್ರಗಳೇ ಭಾರ ಹೆಚ್ಚಿಸಿದ್ದವು.

ನಮ್ಮಲ್ಲಿಯೂ ಲೆಕ್ಕ ಹಾಕಿ. ಚಾರ್ಜರಿಗೆ ಸಿಕ್ಕಿಸಿಯೇ ಇಟ್ಟ ಒಂದು ಸೌಂಡ್ ಬಾಕ್ಸ್ ಸರಾಸರಿ ಒಂದು ವಾಟ್ ಎಳೆಯುತ್ತದೆ ಎಂದು ಹಿಡಿಯೋಣ. ವರ್ಷಕ್ಕೆ ಸುಮಾರು 9 ಯೂನಿಟ್. ಒಬ್ಬ ಅಂಗಡಿಕಾರನಿಗೆ ಅದು ಏನೂ ಅಲ್ಲ, ಹೆಸ್ಕಾಂ ಬಿಲ್ಲಿನಲ್ಲಿ ಕಾಣುವುದೂ ಇಲ್ಲ. ಆದರೆ ದೇಶದಲ್ಲಿ ಪೇಟಿಎಂ ಒಂದೇ ಕಂಪನಿ ಬಾಡಿಗೆಗೆ ಕೊಟ್ಟ ಪಾವತಿ ಯಂತ್ರಗಳು 1 ಕೋಟಿ ದಾಟಿವೆ. ಫೋನ್‌ಪೇ, ಭಾರತ್‌ಪೇ, ಗೂಗಲ್ ಪೇ, ಬ್ಯಾಂಕುಗಳ ಪೆಟ್ಟಿಗೆಗಳು ಬೇರೆ. ಬರೇ 1 ಕೋಟಿ ಪೆಟ್ಟಿಗೆಗೆ ಒಂದೊಂದು ವಾಟ್ ಎಂದರೆ 10 ಮೆಗಾವಾಟ್. ಅಂದರೆ ಆ ನವಿ ಮುಂಬೈಯ ಡೇಟಾ ಸೆಂಟರಿನ ಎರಡರಷ್ಟು! ವರ್ಷಕ್ಕೆ 8.76 ಕೋಟಿ ಯೂನಿಟ್, 60 ಸಾವಿರ ಟನ್ ಮೀರಿದ ಹೊಗೆ. ತುಬಚಿಯ, ಮುಧೋಳದ, ಬನಹಟ್ಟಿಯ ಗಲ್ಲೆಗಳ ಪಕ್ಕದಲ್ಲಿ ಕೂತ ಈ ಪೆಟ್ಟಿಗೆಗಳೆಲ್ಲ ಸೇರಿ ಒಂದು ದೊಡ್ಡ ಡೇಟಾ ಸೆಂಟರ್ ಆಗಿವೆ. ಅದರ ಕರೆಂಟ್ ಬಿಲ್ಲು ಕಟ್ಟುತ್ತಿರುವವರು ನಾವು.

ಹಾಗಾದರೆ ಈ ಹೊಗೆ ಯಾರ ಖಾತೆಗೆ ಸೇರಬೇಕು? ಜಗತ್ತಿನ ಕಂಪನಿಗಳು ಹೊಗೆಯ ಲೆಕ್ಕ ಬರೆಯಲು ಒಂದು ಪದ್ಧತಿ ಇಟ್ಟುಕೊಂಡಿವೆ. ಸ್ಕೋಪ್ ಒಂದು ಎಂದರೆ ಕಂಪನಿ ತಾನೇ ಸುಡುವುದು, ಜನರೇಟರಿನ ಡೀಸೆಲ್‌ನಂಥದು. ಸ್ಕೋಪ್ ಎರಡು ಎಂದರೆ ತಾನು ಕೊಂಡ ಕರೆಂಟಿನದು. ಸ್ಕೋಪ್ ಮೂರು ಎಂದರೆ ತನ್ನ ವ್ಯವಹಾರದಿಂದಾಗಿ ಬೇರೆಯವರ ಕೈಯಲ್ಲಿ ಹೊರಡುವ ಹೊಗೆ. ಈ ಮೂರನೆಯದರಲ್ಲಿ 15 ವಿಭಾಗಗಳಿವೆ. ಹದಿಮೂರನೆಯ ವಿಭಾಗ ಇರುವುದೇ ಕಂಪನಿ ಬಾಡಿಗೆಗೆ ಕೊಟ್ಟ ಸ್ವತ್ತುಗಳಿಗೆ. ನೀವು ತಿಂಗಳು ತಿಂಗಳು ಬಾಡಿಗೆ ಕಟ್ಟುವ ಸೌಂಡ್ ಬಾಕ್ಸ್ ಅಲ್ಲಿಯೇ ಬರುತ್ತದೆ. ಪೆಟ್ಟಿಗೆ ನಿಮ್ಮ ಅಂಗಡಿಯಲ್ಲಿದ್ದರೂ ಅದರ ಹೊಗೆ ಕಂಪನಿಯ ವಹಿಯಲ್ಲಿ ಏರಬೇಕಾದ್ದು.

ನಮ್ಮ ಕಾನೂನು ಇಲ್ಲಿಯೇ ಸಡಿಲ ಬಿಟ್ಟಿದೆ. ಷೇರುಪೇಟೆಯಲ್ಲಿರುವ ಮೊದಲ 1,000 ದೊಡ್ಡ ಕಂಪನಿಗಳು ಪರಿಸರ-ಸಮಾಜದ ಹೊಣೆಯ ವರದಿ ಕೊಡಲೇಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2021ರಲ್ಲಿ ಹೇಳಿತು, 2022-23ರಿಂದ ಅದು ಕಡ್ಡಾಯವಾಯಿತು. ಆದರೆ ಅದರಲ್ಲಿ ಕಡ್ಡಾಯದ ಪ್ರಶ್ನೆ ಸ್ಕೋಪ್ ಒಂದು, ಎರಡರದು ಮಾತ್ರ. ಸ್ಕೋಪ್ ಮೂರು ಇಷ್ಟವಿದ್ದರೆ ಬರೆಯಿರಿ ಎಂಬ ಪಟ್ಟಿಯಲ್ಲಿದೆ. ಅಂದರೆ ಕಚೇರಿಯ ದೀಪದ ಲೆಕ್ಕ ಕೊಡಬೇಕು, ನಿಮ್ಮ ಅಂಗಡಿಯ ಪೆಟ್ಟಿಗೆಯ ಲೆಕ್ಕ ಕೊಡದಿದ್ದರೂ ನಡೆಯುತ್ತದೆ. ಷೇರುಪೇಟೆಯಲ್ಲಿಲ್ಲದ ಕಂಪನಿಗೆ ಆ ವರದಿಯ ಕಟ್ಟೂ ಇಲ್ಲ. ಪೇಟಿಎಂ 2021ರಲ್ಲಿ ಷೇರುಪೇಟೆಗೆ ಬಂತು. ಫೋನ್‌ಪೇ 2025ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಗೆ ಬರಲು ಸೆಬಿಗೆ ಕಾಗದ ಸಲ್ಲಿಸಿತು. ಜನರಿಂದ ಬಂಡವಾಳ ಎತ್ತಲು ಹೊರಟ ಕಂಪನಿ ಜನರ ಪ್ರಶ್ನೆಗೆ ಕಿವಿಗೊಡಲೇಬೇಕು. ನಾವು ಕೇಳಬೇಕಾದ ಹೊತ್ತು ಇದೇ.

ಬೇರೆ ದೇಶದ ಪಾವತಿ ಕಂಪನಿಗಳು ಮಾತು ಕೊಟ್ಟಿವೆ. ವೀಸಾ, ಮಾಸ್ಟರ್‌ಕಾರ್ಡ್, ಪೇಪಾಲ್ ಮೂರೂ 2040ರೊಳಗೆ ನೆಟ್ ಝೀರೋ ಮುಟ್ಟುತ್ತೇವೆ ಎಂದು ಘೋಷಿಸಿವೆ. ತಮ್ಮಿಂದಾಗುವ ಹೊಗೆಯನ್ನು ಆದಷ್ಟು ಇಳಿಸಿ, ಉಳಿದದ್ದಕ್ಕೆ ಸಮನಾಗಿ ಗಾಳಿಯಿಂದ ಇಂಗಾಲ ಹಿಂತೆಗೆಯುತ್ತೇವೆ ಎಂಬ ಮಾತದು. ಪೇಪಾಲ್ ತನಗೆ ಸಾಮಾನು ಒದಗಿಸುವವರೂ ಗುರಿ ಹಾಕಿಕೊಳ್ಳಬೇಕು ಎಂದಿತು. ಭಾರತ ಸರ್ಕಾರ 2021ರಲ್ಲಿ ಗ್ಲಾಸ್ಗೋದಲ್ಲಿ ಇಟ್ಟ ಗುರಿ 2070. ಊರೂರಿನ ಕರೆಂಟು, ಉಕ್ಕು, ಸಿಮೆಂಟು, ರೈಲು ಎಲ್ಲವನ್ನೂ ಹೊತ್ತ ದೇಶಕ್ಕೆ ಅಷ್ಟು ಕಾಲ ಬೇಕಾದೀತು. ಕಂಪ್ಯೂಟರ್ ಮತ್ತು ಪೆಟ್ಟಿಗೆ ಇಟ್ಟುಕೊಂಡ ಕಂಪನಿಗೆ ಅಷ್ಟು ಬೇಡ. ಕರ್ನಾಟಕದಲ್ಲಿ ಪಾವಗಡದ ಸೌರ ಪಾರ್ಕ್ ಇದೆ, ಗದಗ-ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. 100 ಕಿಲೋವಾಟ್ ಬಳಸುವವರೂ ನೇರವಾಗಿ ಹಸಿರು ಕರೆಂಟ್ ಕೊಳ್ಳಬಹುದೆಂದು ಕೇಂದ್ರದ 2022ರ ನಿಯಮ ಹೇಳುತ್ತದೆ. ದಾರಿ ತೆರೆದೇ ಇದೆ.

ಗಿಡ ನೆಟ್ಟ ಫೋಟೊ ತೋರಿಸಿ ಕೈ ತೊಳೆದುಕೊಳ್ಳುವುದನ್ನು ಮಾತ್ರ ನಾವು ಒಪ್ಪುವುದಿಲ್ಲ. ಗಿಡ ನೆಡಲಿ, ಸಂತೋಷ. ಆದರೆ ಕಾರ್ಬನ್ ಕ್ರೆಡಿಟ್ ಎಂಬ ಪ್ರಮಾಣಪತ್ರ ಕೊಂಡು, ಇತ್ತ ಪೆಟ್ಟಿಗೆಗಳ ಸಂಖ್ಯೆಯನ್ನು ಹೆಚ್ಚಿಸುತ್ತ ಹೋದರೆ ಹೊಗೆ ಇಳಿಯುವುದಿಲ್ಲ. ಮೊದಲು ಇಳಿಸಿ, ಆಮೇಲೆ ಉಳಿದದ್ದಕ್ಕೆ ಪರಿಹಾರ ಮಾಡಿ.

ಈಗ ಒಂದು ಆಕ್ಷೇಪಕ್ಕೆ ಉತ್ತರ. "ನಮ್ಮ ತಾಲ್ಲೂಕುಗಳಲ್ಲೇ ಸಕ್ಕರೆ ಕಾರ್ಖಾನೆಗಳ ಚಿಮಣಿಗಳಿವೆ, ಗಾಣದ ಮನೆಗಳಿವೆ, ಇಟ್ಟಿಗೆ ಭಟ್ಟಿಗಳಿವೆ. ಅವುಗಳನ್ನು ಬಿಟ್ಟು ಮೊಬೈಲ್ ಪಾವತಿಯ ಹಿಂದೆ ಬಿದ್ದಿರೇಕೆ?" ಎಂದು ಹಿರಿಯರೊಬ್ಬರು ಕೇಳಿದರು. ನ್ಯಾಯದ ಪ್ರಶ್ನೆ. ಒಂದು ಪಾವತಿಯ ಹೊಗೆ ಸಣ್ಣದು, ನಿಜ. ಚಿಮಣಿಯ ಎದುರು ಅದು ಲೆಕ್ಕಕ್ಕೇ ಬರದು. ಆದರೆ ಚಿಮಣಿ ಕಣ್ಣಿಗೆ ಕಾಣುತ್ತದೆ, ಬೂದಿ ಬಿದ್ದರೆ ಊರವರು ಜಗಳಕ್ಕೆ ಹೋಗುತ್ತಾರೆ, ಮಾಲಿನ್ಯ ಮಂಡಳಿಗೆ ಅರ್ಜಿ ಬರೆಯುತ್ತಾರೆ. ಕಬ್ಬಿನ ರವದಿ ಸುಡಬೇಡಿ ಎಂದು ಕೃಷಿ ಇಲಾಖೆಯವರು ನಮಗೆ ಪ್ರತಿ ಹಂಗಾಮಿನಲ್ಲೂ ಹೇಳುತ್ತಾರೆ. ಸರಿಯಾಗಿಯೇ ಹೇಳುತ್ತಾರೆ. ರವದಿಯನ್ನು ನೆಲಕ್ಕೆ ಸೇರಿಸುವುದೇ ಲೇಸು, ಹಾಗೆ ಮಾಡೋಣ. ರೈತ ಹಚ್ಚಿದ ಬೆಂಕಿಯ ಹೊಗೆ ಎಣಿಸಲು ಉಪಗ್ರಹ ಇದೆ. ಕಂಪನಿ ನಮ್ಮ ಅಂಗಡಿಯೊಳಗೆ ತಂದಿಟ್ಟ ಪೆಟ್ಟಿಗೆಯ ಹೊಗೆ ಎಣಿಸಲು ಒಂದು ಹಾಳೆಯಾದರೂ ಬೇಡವೇ? ಅಲ್ಲದೆ ಇಷ್ಟು ವೇಗದಲ್ಲಿ ಬೆಳೆಯುವ ಇನ್ನೊಂದು ಉದ್ಯಮ ನಮ್ಮ ಕಣ್ಣೆದುರು ಇಲ್ಲ. ಸಣ್ಣದಿರುವಾಗಲೇ ಕೇಳಿದರೆ ದಾರಿ ತಿದ್ದುವುದು ಸುಲಭ.

ನಗದಿಗೆ ಮರಳಿ ಎಂದೂ ನಾವು ಹೇಳುತ್ತಿಲ್ಲ. ನೋಟಿಗೂ ಹೊಗೆ ಇದೆ. ಮೈಸೂರಿನಲ್ಲಿ ಅದರ ಕಾಗದ ತಯಾರಾಗಬೇಕು, ಮುದ್ರಣವಾಗಬೇಕು, ಬಂದೂಕು ಹಿಡಿದವರ ವ್ಯಾನಿನಲ್ಲಿ ಊರೂರಿಗೆ ಬರಬೇಕು, ಎಟಿಎಂ ಯಂತ್ರಕ್ಕೆ ಎಸಿ ಬೇಕು. ಅದೇ ನೆದರ್‌ಲ್ಯಾಂಡ್ಸ್ ಬ್ಯಾಂಕಿನ ಲೆಕ್ಕದಲ್ಲಿ ನಗದು ಪಾವತಿಯ ಹೊಗೆ ಕಾರ್ಡಿನದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು. ಚಿಲ್ಲರೆಯ ಜಗಳ ತಪ್ಪಿತು, ಮಗಳು ಪುಣೆಯಿಂದ ಕಳಿಸಿದ ರೊಕ್ಕ ಆ ಕ್ಷಣಕ್ಕೆ ಕೈಗೆ ಬಂತು, ಇದನ್ನೆಲ್ಲ ನಾವು ಬಿಡುವುದಿಲ್ಲ. ಯುಪಿಐ ಬೇಕು. ಅದಕ್ಕಾಗಿಯೇ ಅದು ಹಸನಾಗಿರಬೇಕು.

2025ರ ಜುಲೈ ನೆನಪಿದೆಯೇ? ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ತರಕಾರಿ ಮಾರುವವರಿಗೂ ಬಂತು, ಬೇಕರಿಯವರಿಗೂ ಬಂತು. ಎಷ್ಟೋ ಅಂಗಡಿಗಳವರು ಕ್ಯೂಆರ್ ಹಲಗೆ ಕಿತ್ತು ಒಳಗಿಟ್ಟರು. ತೆರಿಗೆಯ ಸರಿ-ತಪ್ಪು ಇಲ್ಲಿ ನಮ್ಮ ವಿಷಯವಲ್ಲ. ಆದರೆ ಅಂದು ಒಂದು ಸಂಗತಿ ಎಲ್ಲರಿಗೂ ಖಚಿತವಾಯಿತು. ನಾಲ್ಕು ವರ್ಷ ಹಿಂದಿನ ಒಂದು ಕೊತ್ತಂಬರಿ ಸೂಡಿನ ಹತ್ತು ರೂಪಾಯಿ ಕೂಡ ಎಲ್ಲೋ ತಾರೀಖು, ವೇಳೆ ಸಮೇತ ಬರೆದಿಟ್ಟಿದೆ. ಇಷ್ಟು ಸೂಕ್ಷ್ಮವಾಗಿ ಎಣಿಸಬಲ್ಲ ವ್ಯವಸ್ಥೆಗೆ ತನ್ನ ಹೊಗೆ ಎಣಿಸುವುದು ಕಷ್ಟದ ಕೆಲಸವಲ್ಲ. ಎಷ್ಟು ಪೆಟ್ಟಿಗೆ, ಯಾವ ಪೆಟ್ಟಿಗೆ ಎಷ್ಟು ಹೊತ್ತು ಚಾಲೂ ಇತ್ತು, ಯಾವುದು ಸತ್ತಿದೆ, ಎಲ್ಲವೂ ಅವರ ಕಂಪ್ಯೂಟರಿಗೆ ಗೊತ್ತು. ಹೆಚ್ಚಿನ ಪೆಟ್ಟಿಗೆಗಳಲ್ಲಿ ಸಿಮ್ ಇದೆ.

ಸತ್ತ ಪೆಟ್ಟಿಗೆಯ ಮಾತು ಬಂತು. ನಮ್ಮೂರ ಒಂದು ಕಿರಾಣಿ ಅಂಗಡಿಯ ಅಟ್ಟದ ಮೇಲೆ, ಖಾಲಿ ಎಣ್ಣೆ ಡಬ್ಬಿಗಳ ಹಿಂದೆ, ಮೂರು ಸೌಂಡ್ ಬಾಕ್ಸ್ ಬಿದ್ದಿವೆ. ಮೂರೂ ಬೇರೆ ಬೇರೆ ಕಂಪನಿಯವು. ಒಂದರ ದನಿ ಹೋಯಿತು, ಇನ್ನೊಂದರ ಚಾರ್ಜಿಂಗ್ ಪಿನ್ ಸಡಿಲಾಯಿತು, ಮೂರನೆಯದನ್ನು ಹೊಸ ಮಾದರಿ ಬಂತೆಂದು ಬದಲಿಸಿದ್ದು. ಹಳೆಯದನ್ನು ಒಯ್ಯಲು ಯಾರೂ ಬರಲಿಲ್ಲ. ಒಂದನ್ನು ಬಿಚ್ಚಿ ನೋಡಿದರೆ ಒಳಗೆ ಸ್ಪೀಕರ್, ಹಸಿರು ಸರ್ಕ್ಯೂಟ್ ಹಲಗೆ, ಸಿಮ್ ಮತ್ತು ಹಪ್ಪಳದಂತೆ ಉಬ್ಬಿದ ಲಿಥಿಯಂ ಬ್ಯಾಟರಿ. ಅದೇ ಅಟ್ಟದ ಕೆಳಗೆ ಬೆಂಕಿಪೊಟ್ಟಣದ ಬಂಡಲುಗಳಿವೆ, ಸೀಮೆಎಣ್ಣೆಯ ಕ್ಯಾನಿದೆ. ಉಬ್ಬಿದ ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ತಾನೇ ಹೊತ್ತಿಕೊಳ್ಳಬಹುದು. ದಯವಿಟ್ಟು ಯಾರೂ ನಮ್ಮಂತೆ ಬಿಚ್ಚಲು ಹೋಗಬೇಡಿ. ತಿಪ್ಪೆಗೆ ಎಸೆಯಬೇಡಿ, ಹೊಳೆಗೆ ಎಸೆಯಬೇಡಿ, ಮಕ್ಕಳ ಆಟಕ್ಕೆ ಕೊಡಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಹೊಸ ಇ-ತ್ಯಾಜ್ಯ ನಿಯಮ ಎರಡರ ಆಶಯವೂ ಒಂದೇ: ಮಾಡಿ ಮಾರಿದವರೇ ಹಿಂದಕ್ಕೆ ಪಡೆದು ವಿಲೇವಾರಿ ಮಾಡಬೇಕು. ಹೊಸ ಪೆಟ್ಟಿಗೆ ಕೊಡಲು ಶೂರ್ಪಾಲಿಯ ತನಕ ಬರುವ ಪ್ರತಿನಿಧಿ ಹಳೆಯದನ್ನು ಚೀಲಕ್ಕೆ ಹಾಕಿಕೊಂಡು ಹೋಗಲು ಏನು ಅಡ್ಡಿ?

ಕಂಪನಿಗಳಿಗೆ ಕಳಿಸುವ ಕಾಗದ ಹೀಗಿದೆ. ಓದಿ ನೋಡಿ, ಒಪ್ಪಿಗೆಯಾದರೆ ಸಹಿ ಮಾಡಿ.

"ಮಾನ್ಯರೇ, ನಾವು ಬಾಗಲಕೋಟೆ ಜಿಲ್ಲೆಯ ಕೃಷ್ಣಾ-ಘಟಪ್ರಭಾ ತೀರದ ವ್ಯಾಪಾರಿಗಳು, ರೈತರು, ನೇಕಾರರು. ನಿಮ್ಮ ಪಾವತಿ ಸೇವೆಯನ್ನು ದಿನವೂ ಬಳಸುತ್ತೇವೆ. ಕಳೆದ ಆರ್ಥಿಕ ವರ್ಷದಲ್ಲಿ ನಿಮ್ಮ ಕಂಪನಿಯಿಂದ ಸ್ಕೋಪ್ ಒಂದು, ಎರಡು, ಮೂರರಲ್ಲಿ ಹೊರಟ ಹೊಗೆ ಎಷ್ಟು ಟನ್, ಅದರಲ್ಲಿ ಅಂಗಡಿಗಳಿಗೆ ಬಾಡಿಗೆ ಕೊಟ್ಟ ಪೆಟ್ಟಿಗೆಗಳ ಪಾಲು ಎಷ್ಟು ಎಂದು ಕನ್ನಡದಲ್ಲಿ ಪ್ರಕಟಿಸಿ. ಸ್ವತಂತ್ರ ಪರಿಶೋಧಕರಿಂದ ಅದನ್ನು ತಪಾಸಣೆ ಮಾಡಿಸಿ. ನಿಮ್ಮ ಡೇಟಾ ಸೆಂಟರುಗಳ ಕರೆಂಟ್ ಯಾವ ವರ್ಷದೊಳಗೆ ಪೂರ್ತಿ ಸೌರ-ಪವನ ಮೂಲದ್ದಾಗುತ್ತದೆ, 2030ಕ್ಕೆ ಎಷ್ಟು ಇಳಿಸುತ್ತೀರಿ, ಪೂರ್ತಿ ನೆಟ್ ಝೀರೋ ಯಾವ ವರ್ಷ, ಈ ಮೂರನ್ನೂ ತಿಳಿಸಿ. ಮುಂದೆ ಕೊಡುವ ಸೌಂಡ್ ಬಾಕ್ಸ್ ಅಂಗಡಿ ಮುಚ್ಚಿದ ಮೇಲೆ ತಾನಾಗಿ ಮಲಗುವಂತಿರಲಿ, ಬ್ಯಾಟರಿ ಮತ್ತು ಚಾರ್ಜಿಂಗ್ ಪಿನ್ ಇಲ್ಲಿಯ ಮೊಬೈಲ್ ರಿಪೇರಿಯವನೇ ಬದಲಿಸುವಂತಿರಲಿ. ಕೆಟ್ಟ ಪೆಟ್ಟಿಗೆಯನ್ನು ತಿಂಗಳೊಳಗೆ ಹಿಂದಕ್ಕೆ ಒಯ್ಯಿರಿ, ಒಯ್ಯುವವರೆಗೆ ಬಾಡಿಗೆ ಹಿಡಿಯಬೇಡಿ."

ಇಷ್ಟೇ ಕಾಗದ. ಇದು ಫೋನ್‌ಪೇಗೆ ಹೋಗುತ್ತದೆ, ಪೇಟಿಎಂಗೆ, ಗೂಗಲ್ ಪೇಗೆ, ಭಾರತ್‌ಪೇಗೆ ಹೋಗುತ್ತದೆ, ಒಂದೊಂದು ಪ್ರತಿ ಮುಂಬೈಯ ರಾಷ್ಟ್ರೀಯ ಪಾವತಿ ನಿಗಮಕ್ಕೂ ಸೆಬಿಗೂ ಹೋಗುತ್ತದೆ. ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ, ಮುಟ್ಟಿದ ಚೀಟಿಯನ್ನು ಜೋಪಾನವಾಗಿ ಇಡುತ್ತೇವೆ.

ಹಳ್ಳಿಯವರ ಕಾಗದಕ್ಕೆ ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಬೆಲೆ ಇದೆಯೇ ಎನ್ನುವವರು ಚಿಕ್ಕಪಡಸಲಗಿಯ ಬ್ಯಾರೇಜಿನ ಮೇಲೆ ಒಮ್ಮೆ ನಿಂತು ಬನ್ನಿ. 1989ರಲ್ಲಿ ಸರ್ಕಾರದ ಹಣಕ್ಕೆ ಕಾಯದೆ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಈ ಸೀಮೆಯ ರೈತರು ತಾವೇ ರೊಕ್ಕ ಕೂಡಿಸಿ, ತಾವೇ ಕಲ್ಲು-ಮಣ್ಣು ಹೊತ್ತು ಕೃಷ್ಣೆಗೆ ಅಡ್ಡಲಾಗಿ ಅದನ್ನು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಅದರ ಹೆಸರು. ಅಂದೂ ಆಗದ ಕೆಲಸ ಎಂದವರಿದ್ದರು. 2025ರ ನವೆಂಬರ್‌ನಲ್ಲಿ ಕಬ್ಬಿನ ದರಕ್ಕೆ ಗುರ್ಲಾಪುರದಿಂದ ಮುಧೋಳದವರೆಗೆ ರೈತರು ರಸ್ತೆಯಲ್ಲಿ ಕೂತಾಗ ಸರ್ಕಾರ ಟನ್ನಿಗೆ 3,300 ರೂಪಾಯಿ ಎಂದು ಹೇಳಲೇಬೇಕಾಯಿತು. ಇಲ್ಲಿ ರಸ್ತೆಯಲ್ಲಿ ಕೂರುವ ಪ್ರಸಂಗವೂ ಇಲ್ಲ. ಪಾವತಿ ಕಂಪನಿಗಳ ನಡುವೆ ಅಂಗಡಿಗಾಗಿ ಪೈಪೋಟಿ ಇದೆ, ನೀವು ಒಂದು ಪೆಟ್ಟಿಗೆ ತೆಗೆದು ಇನ್ನೊಂದನ್ನು ಇಡಬಹುದು. ಲೆಕ್ಕ ಕೊಟ್ಟ ಕಂಪನಿಯ ಪೆಟ್ಟಿಗೆ ಮಾತ್ರ ಇಡುತ್ತೇವೆ ಎಂದು ನಾಲ್ಕು ತಾಲ್ಲೂಕಿನ ಪೇಟೆಗಳು ಒಂದೇ ಮಾತಿಗೆ ನಿಂತರೆ ಅದನ್ನು ಕೇಳದಿರುವ ಕಂಪನಿ ಯಾವುದು?

ಇಂದಿನಿಂದಲೇ ಮಾಡಬಹುದಾದ ಕೆಲಸವೂ ಇದೆ. ರಾತ್ರಿ ಕದ ಹಾಕುವಾಗ ಚಾರ್ಜರಿನ ಸ್ವಿಚ್ ಆರಿಸಿ, ಪೆಟ್ಟಿಗೆಯನ್ನೂ ಬಂದ್ ಮಾಡಿ. ಬ್ಯಾಟರಿಯೂ ಹೆಚ್ಚು ದಿನ ಬಾಳುತ್ತದೆ. ಒಂದೇ ಅಂಗಡಿಯಲ್ಲಿ ಎರಡು-ಮೂರು ಕಂಪನಿಯ ಪೆಟ್ಟಿಗೆ ಇದ್ದರೆ ಒಂದನ್ನು ಉಳಿಸಿಕೊಂಡು ಉಳಿದವನ್ನು ಮರಳಿಸಿ, ಯುಪಿಐ ಕ್ಯೂಆರ್ ಯಾವ ಆ್ಯಪಿನಿಂದಲಾದರೂ ಸ್ಕ್ಯಾನ್ ಆಗುತ್ತದೆ. ಕಾಲೇಜು ಓದುವ ತಮ್ಮ-ತಂಗಿಯರು ನಿಮ್ಮ ಓಣಿಯಲ್ಲಿ ಎಷ್ಟು ಪೆಟ್ಟಿಗೆ ಚಾಲೂ ಇವೆ, ಎಷ್ಟು ಸತ್ತಿವೆ ಎಂದು ಪಟ್ಟಿ ಮಾಡಿಕೊಡಿ. ಅದು ನಮ್ಮ ಕಾಗದದ ಜೊತೆಗೆ ಹೋಗಬೇಕು. ಬರುವ ಗ್ರಾಮಸಭೆಯಲ್ಲಿ ಇದೇ ಬೇಡಿಕೆಯನ್ನು ಠರಾವಾಗಿ ಬರೆಸಲು ಕೈ ಎತ್ತಿ. ಪೇಟೆಯವರು ನಗರಸಭೆ, ಪುರಸಭೆಯ ಸದಸ್ಯರ ಮೂಲಕ ಅದನ್ನೇ ಮಾಡಿಸಿ.

ಸಹಿಯ ಹಾಳೆ ಈ ಕರಪತ್ರ ಕೊಟ್ಟವರ ಕೈಯಲ್ಲೇ ಇದೆ. ಹೆಸರು, ಊರು, ಕಸಬು ಬರೆದರೆ ಸಾಕು. ಫೋನ್ ನಂಬರ್ ಬೇಡ, ಆಧಾರ್ ಬೇಡ, ಯಾರಿಗೂ ಒಟಿಪಿ ಹೇಳಬೇಡಿ. ಬರೆಯಲು ಬಾರದ ಹಿರಿಯರು ಹೆಬ್ಬೆಟ್ಟು ಒತ್ತಬಹುದು. ಸತ್ತ ಪೆಟ್ಟಿಗೆಗಳನ್ನು ಬಿಚ್ಚದೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಣ ಮರಳು ಹಾಕಿ ಅದರೊಳಗೆ ಇಟ್ಟುಕೊಂಡು ಗ್ರಾಮಸಭೆಯ ದಿನ ತನ್ನಿ. ಅವುಗಳ ಹಿಂದಿನ ನಂಬರುಗಳನ್ನು ಅಲ್ಲೇ ಬರೆದುಕೊಳ್ಳುತ್ತೇವೆ, ಯಾವ ಕಂಪನಿಯದು ಯಾವ ಕಂಪನಿಗೆ ಹೋಗಬೇಕೋ ವಿಂಗಡಿಸಿ, ಬಂದು ಒಯ್ಯಿರಿ ಎಂದು ಆಯಾ ಕಂಪನಿಗೆ ಬರೆಯುತ್ತೇವೆ.

ಓದಿ ಆದ ಮೇಲೆ ಪಕ್ಕದ ಅಂಗಡಿಯವರಿಗೆ ಕೊಡಿ.

— ತುಬಚಿಯ ಅಂಗಡಿಕಾರರು, ರೈತರು ಮತ್ತು ವಿದ್ಯಾರ್ಥಿಗಳು